ಬೇಲಿ ಯಾರದು, ಹೊಲ ಯಾರದು?

ಮನೆಗೊಬ್ಬ ಕಾವಲುಗಾರನನ್ನು ಇಡುವವರು ಮೊದಲು ಆತನ ಊರುಕೇರಿ ವಿಚಾರಿಸುತ್ತಾರೆ. ಈ ಹಿಂದೆ ಯಾರ ಬಳಿ ಇದ್ದ, ಅಲ್ಲಿಂದ ಏಕೆ ಬಿಟ್ಟ, ಕೈ ಬಾಯಿ ಶುದ್ಧವೇ ಎಂದು ನಾಲ್ಕು ಜನರಲ್ಲಿ ಕೇಳುತ್ತಾರೆ. ಹಾಗೆ ಕೇಳಿ ಇಟ್ಟುಕೊಂಡ ಬಳಿಕವೂ ಗೇಟಿನ ಕೀಲಿಕೈ ಕೊಡುತ್ತಾರೆಯೇ ಹೊರತು ಕಪಾಟಿನ ಕೀಲಿಕೈ ಕೊಡುವುದಿಲ್ಲ. ಆದರೆ ಮಾನ್ಯ ವಾಚಕರೇ, ಅದೇ ಮನೆಯ ಕಂಪ್ಯೂಟರಿಗೆ ಆಂಟಿವೈರಸ್ ಹಾಕಿಸುವಾಗ ನಾವು ಎಷ್ಟು ವಿಚಾರಿಸುತ್ತೇವೆ? ಅಂಗಡಿಯವನು ಹಾಕಿಕೊಟ್ಟದ್ದನ್ನು ಒಪ್ಪಿಕೊಳ್ಳುತ್ತೇವೆ. ಪಕ್ಕದ ಮನೆಯ ಹುಡುಗ ಪೆನ್‌ಡ್ರೈವಿನಲ್ಲಿ ತಂದದ್ದನ್ನು ಹಾಕಿಸಿಕೊಳ್ಳುತ್ತೇವೆ. ತೆರೆಯ ಮೇಲೆ ಯಾವುದೋ ಕಂಪೆನಿಯ ಹೆಸರು ಹೊಳೆದು 'ಉಚಿತ' ಎಂದು ಕಂಡರೆ ಒತ್ತಿಬಿಡುತ್ತೇವೆ. ಇಲ್ಲಿ ಮಾತ್ರ ಗೇಟಿನ ಕೀಲಿಕೈ, ಕಪಾಟಿನ ಕೀಲಿಕೈ, ತಿಜೋರಿಯ ಕೀಲಿಕೈ ಎಲ್ಲವನ್ನೂ ಮೊದಲ ದಿನವೇ ಅಪರಿಚಿತನೊಬ್ಬನ ಕೈಗೆ ಕೊಟ್ಟು ನಿಶ್ಚಿಂತೆಯಿಂದ ಮಲಗುತ್ತೇವೆ.

ಇದು ಕೇವಲ ತಾಂತ್ರಿಕ ವಿಷಯ, ವಿಶ್ವಾಸ ಮತ್ತು ನಡತೆಯ ಬಗ್ಗೆ ಚರ್ಚಿಸುವ ಪುಟಗಳಲ್ಲಿ ಇದಕ್ಕೇನು ಸ್ಥಾನ ಎಂದು ಕೆಲವರು ಕೇಳಬಹುದು. ಅವರು ಆಂಟಿವೈರಸ್ ಎಂಬುದು ಏನು ಮಾಡುತ್ತದೆಂಬುದನ್ನು ಒಮ್ಮೆ ಯೋಚಿಸಲಿ. ನೀವು ತೆರೆಯುವ ಪ್ರತಿಯೊಂದು ಕಡತವನ್ನು ಅದು ನಿಮಗಿಂತ ಮೊದಲು ತೆರೆದು ನೋಡುತ್ತದೆ. ತನ್ನ ಬಳಿಯಿರುವ ಕಿಡಿಗೇಡಿ ಪ್ರೋಗ್ರಾಂಗಳ ಗುರುತುಪಟ್ಟಿಯೊಂದಿಗೆ ಅದನ್ನು ಹೋಲಿಸುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೂ ನಡವಳಿಕೆ ಸಂದೇಹಾಸ್ಪದವೆನಿಸಿದರೆ ತಡೆದು ನಿಲ್ಲಿಸುತ್ತದೆ; ಅನೇಕ ಬಾರಿ ಆ ಕಡತವನ್ನೇ ಪರೀಕ್ಷೆಗೆಂದು ಕಂಪೆನಿಯ ದೂರದ ಕಂಪ್ಯೂಟರಿಗೆ ಕಳುಹಿಸುತ್ತದೆ. ನೀವು ಇಂಟರ್‌ನೆಟ್‌ನಲ್ಲಿ ಭೇಟಿ ನೀಡುವ ತಾಣಗಳ ವಿಳಾಸವನ್ನೂ ಪರಿಶೀಲಿಸುತ್ತದೆ. ಇಷ್ಟೆಲ್ಲ ಮಾಡಬೇಕಾದರೆ ಅದು ಯಂತ್ರದ ಅತ್ಯಂತ ಒಳಕೋಣೆಯಲ್ಲೇ ಕುಳಿತಿರಬೇಕು. ಆ ಒಳಕೋಣೆ ಎಷ್ಟು ಸೂಕ್ಷ್ಮವಾದುದೆಂಬುದು 2024ರ ಜುಲೈ 19ರಂದು ಜಗತ್ತಿಗೆ ಮನವರಿಕೆಯಾಯಿತು. ಸಂಸ್ಥೆಗಳ ಕಂಪ್ಯೂಟರುಗಳಿಗೆ ರಕ್ಷಣೆ ಒದಗಿಸುವ ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕನ್ ಕಂಪೆನಿಯು ಕಳುಹಿಸಿದ ಒಂದು ದೋಷಪೂರ್ಣ ತಿದ್ದುಪಡಿಯಿಂದಾಗಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಮ್ಮೆಲೇ ಸ್ತಬ್ಧಗೊಂಡವು. ವಿಮಾನಗಳು ನಿಂತವು, ಆಸ್ಪತ್ರೆಗಳ ಕೆಲಸ ನಿಂತಿತು. ಅಲ್ಲಿ ಕಳ್ಳನಿರಲಿಲ್ಲ, ಕಾವಲುಗಾರನೇ ಎಡವಿ ಬಾಗಿಲಿಗೆ ಅಡ್ಡ ಬಿದ್ದಿದ್ದ. ಇಂತಹ ಸ್ಥಾನದಲ್ಲಿ ಯಾರನ್ನಾದರೂ ಕೂರಿಸುವುದೆಂದರೆ ವಸ್ತುವೊಂದನ್ನು ಕೊಳ್ಳುವುದಕ್ಕಿಂತ ಹೆಚ್ಚಾಗಿ ಒಬ್ಬರ ಕೈಗೆ ಅಮಾನತ್ತು ಒಪ್ಪಿಸುವ ಕೆಲಸ. ಅಮಾನತ್ತಿನ ಮಾತು ಬಂದಲ್ಲಿ ನಡತೆಯ ಮಾತು ಬಂದೇ ಬರುತ್ತದೆ.

ಅಮಾನತ್ತು ಯಾರದು ಎಂಬುದನ್ನೂ ನೋಡಬೇಕು. "ಹಾಳಾದರೆ ನನ್ನ ಕಂಪ್ಯೂಟರ್ ತಾನೇ, ನಿಮಗೇನು?" ಎನ್ನುವವರಿದ್ದಾರೆ. ಆದರೆ ಅವರ ಕಂಪ್ಯೂಟರಿನೊಳಗೆ ಅವರದು ಎಷ್ಟಿದೆ? ಹಜ್ಜ್ ಅರ್ಜಿ ತುಂಬಲೆಂದು ಕೊಟ್ಟ ಸಂಬಂಧಿಕರ ಪಾಸ್‌ಪೋರ್ಟಿನ ಪ್ರತಿ, ಸ್ಕಾಲರ್‌ಶಿಪ್‌ಗೆಂದು ಕೊಟ್ಟ ನೆರೆಮನೆಯ ಹುಡುಗಿಯ ಅಂಕಪಟ್ಟಿ ಮತ್ತು ಆಧಾರ್, ತಂಗಿಯ ಮದುವೆಯ ಫೋಟೋಗಳು, ಗಲ್ಫಿನಲ್ಲಿರುವ ಅಣ್ಣನ ಬ್ಯಾಂಕಿನ ವಿವರ, ಅತ್ತೆಯ ಆಸ್ಪತ್ರೆಯ ವರದಿ. ಮನೆಯಾತ ಜಮಾಅತ್ ಕಮಿಟಿಯ ಕಾರ್ಯದರ್ಶಿಯೋ ಕೋಶಾಧಿಕಾರಿಯೋ ಆಗಿದ್ದರಂತೂ ಮತ್ತೊಂದು ಕಡತವೂ ಅಲ್ಲಿರುತ್ತದೆ: ಈ ವರ್ಷ ಮೊಹಲ್ಲಾದಲ್ಲಿ ಝಕಾತ್ ಪಡೆದ ಕುಟುಂಬಗಳ ಪಟ್ಟಿ. ಯಾವ ಮನೆಯಲ್ಲಿ ಗಂಡ ಬಿಟ್ಟು ಹೋಗಿದ್ದಾನೆ, ಯಾರ ಅಂಗಡಿ ಸಾಲದಲ್ಲಿ ಮುಳುಗಿದೆ, ಯಾರ ಮಗಳ ಮದುವೆಗೆ ಯಾರು ಗುಟ್ಟಾಗಿ ಕೈ ಚಾಚಿದ್ದಾರೆ ಎಂಬುದೆಲ್ಲ ಅದರಲ್ಲಿ ಹೆಸರು ಸಹಿತ ಇರುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಜೀವನವಿಡೀ ಕೇಳಿಕೊಂಡು ಬಂದವರು ನಾವು. ಆ ಪಟ್ಟಿ ಒಂದು ದಿನ ಊರವರ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದರೆ ಮಾನ ಕಳೆದುಕೊಳ್ಳುವವರು ಆ ಬಡವರು. ಕಾರ್ಯದರ್ಶಿಯು "ವೈರಸ್ ಬಂತು, ನಾನೇನು ಮಾಡಲಿ" ಎಂದು ಹೇಳಿ ಪಾರಾಗಬಹುದೇ?

ಇನ್ನು ಕೆಲವರ ಕಂಪ್ಯೂಟರಿನಲ್ಲಿ ನಿಜಕ್ಕೂ ಕದಿಯುವಂಥದ್ದೇನೂ ಇರುವುದಿಲ್ಲ. ಮಕ್ಕಳ ಆಟ, ನಾಲ್ಕು ಭಾಷಣಗಳು, ಅಷ್ಟೆ. ಅವರೂ ನಿರಾಳವಾಗಿರುವಂತಿಲ್ಲ. ರಕ್ಷಣೆಯಿಲ್ಲದ ಯಂತ್ರಗಳನ್ನು ದೂರದಿಂದಲೇ ವಶಪಡಿಸಿಕೊಂಡು, ಸಾವಿರಾರು ಸಂಖ್ಯೆಯಲ್ಲಿ ಒಂದು ಸರಪಣಿಗೆ ಕಟ್ಟಿ, ಅವುಗಳ ಮೂಲಕ ಇತರರಿಗೆ ವಂಚನೆಯ ಪತ್ರಗಳನ್ನು ಕಳುಹಿಸುವುದು ಹಾಗೂ ಆಸ್ಪತ್ರೆ, ಬ್ಯಾಂಕುಗಳ ಕಂಪ್ಯೂಟರುಗಳ ಮೇಲೆ ದಾಳಿ ಮಾಡಿಸುವುದು ಒಂದು ದಂಧೆಯೇ ಆಗಿಬಿಟ್ಟಿದೆ. ಯಂತ್ರದ ಒಡೆಯನಿಗೆ ಕಂಪ್ಯೂಟರ್ ಸ್ವಲ್ಪ ನಿಧಾನವಾಯಿತು ಎಂಬುದರ ಹೊರತು ಬೇರೇನೂ ತಿಳಿಯುವುದಿಲ್ಲ. ಅಂಗಳದಲ್ಲಿ ಒಣಹುಲ್ಲಿನ ಬಣವೆಯಿಟ್ಟು ಕಿಡಿಯ ಬಗ್ಗೆ ಯೋಚಿಸದವನಿಗೆ ನೆರೆಯವನು ಏನೆನ್ನುತ್ತಾನೆ? ನೆರೆಯವರ ಹಕ್ಕಿನ ಬಗ್ಗೆ ನಾವು ಇಷ್ಟೊಂದು ಮಾತನಾಡುತ್ತೇವಲ್ಲ, ಇಂದು ತಂತಿಯ ಆಚೆ ತುದಿಯಲ್ಲಿರುವವನೂ ನೆರೆಯವನೇ.

ಈಗ ಅತ್ಯಂತ ಮುಜುಗರದ ವಿಷಯಕ್ಕೆ ಬರೋಣ. ನಮ್ಮ ಎಷ್ಟೋ ಮನೆಗಳಲ್ಲಿ ಕಳ್ಳರಿಂದ ರಕ್ಷಿಸಲು ಇಟ್ಟಿರುವ ಕಾವಲುಗಾರ ಸ್ವತಃ ಕದ್ದು ತಂದವನು. 'ಕ್ರ್ಯಾಕ್' ಮಾಡಿದ ಆಂಟಿವೈರಸ್ ಎಂದು ಅದಕ್ಕೆ ಹೆಸರು. ಹಣ ಕೊಟ್ಟು ಕೊಳ್ಳಬೇಕಾದ ಪ್ರೋಗ್ರಾಂನ ಬೀಗ ಒಡೆದು ಪುಕ್ಕಟೆಯಾಗಿ ಓಡಿಸುವ ವಿದ್ಯೆ ಅದು. ಅದನ್ನು ಹಾಕುವ ವಿಧಾನವನ್ನು ಓದಿ ನೋಡಿ, ಮೊದಲ ಸಾಲಿನಲ್ಲೇ ಹೆಚ್ಚಾಗಿ ಒಂದು ಸೂಚನೆಯಿರುತ್ತದೆ: ಈಗಿರುವ ಆಂಟಿವೈರಸನ್ನು ಆರಿಸಿಬಿಡಿ. ಕಳ್ಳನು ಬಾಗಿಲ ಬಳಿ ನಿಂತು, "ನಾಯಿಯನ್ನು ಕಟ್ಟಿಹಾಕಿ, ನಾನು ನಿಮ್ಮ ಮನೆ ಕಾಯಲು ಬಂದಿದ್ದೇನೆ" ಎಂದಂತಾಯಿತು!

ಇದಕ್ಕೆ ನೀಡಲಾಗುವ ಸಮರ್ಥನೆಗಳು ಮೂರು ನಾಲ್ಕು. ಕಂಪೆನಿ ಶ್ರೀಮಂತವಾಗಿದೆ, ನನ್ನೊಬ್ಬನಿಂದ ಅದಕ್ಕೇನೂ ನಷ್ಟವಿಲ್ಲ ಎಂಬುದು ಒಂದು. ಶ್ರೀಮಂತನ ತೋಟದಿಂದ ತೆಂಗಿನಕಾಯಿ ಕೀಳುವವನೂ ಇದನ್ನೇ ಹೇಳುತ್ತಾನೆ. ಅದಕ್ಕೆ ಉತ್ತರ ಬೇಕಿಲ್ಲ. ಕೈಗೆ ಸಿಗದ, ಕಣ್ಣಿಗೆ ಕಾಣದ ವಸ್ತುವಿಗೆ ಒಡೆತನವೆಂತಹುದು, ನಾನು ನಕಲು ಮಾಡಿಕೊಂಡರೆ ಮೂಲ ಅವನ ಬಳಿಯೇ ಉಳಿಯುತ್ತದಲ್ಲ ಎಂಬುದು ಇನ್ನೊಂದು. ಈ ವಾದ ಸ್ವಲ್ಪ ಗಂಭೀರವಾದುದು. ಹಿಂದಿನ ಫಿಕ್ಹ್ ಗ್ರಂಥಗಳಲ್ಲಿ ಈ ಬಗೆಯ ಸೊತ್ತಿನ ಪ್ರಸ್ತಾಪ ನೇರವಾಗಿ ಸಿಗದೆಂಬುದೂ, ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿತ್ತೆಂಬುದೂ ನಿಜ. ಆದರೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು 1988ರಲ್ಲಿ ಕುವೈತ್‌ನಲ್ಲಿ ನಡೆದ ತನ್ನ ಐದನೆಯ ಅಧಿವೇಶನದಲ್ಲಿ, ಕೃತಿ, ಆವಿಷ್ಕಾರ, ವ್ಯಾಪಾರ ಮುದ್ರೆ ಇವುಗಳ ಮೇಲಿನ ಹಕ್ಕು ಶರೀಅತ್ ಗೌರವಿಸುವ ಹಕ್ಕು, ಅದನ್ನು ಅತಿಕ್ರಮಿಸುವಂತಿಲ್ಲ ಎಂದು ತೀರ್ಮಾನಿಸಿತು. ದೇಶದ ಕಾನೂನೂ ಸ್ಪಷ್ಟವಾಗಿದೆ. ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ ಅಕ್ರಮ ಪ್ರತಿಯೆಂದು ತಿಳಿದೂ ಕಂಪ್ಯೂಟರ್ ಪ್ರೋಗ್ರಾಂ ಬಳಸುವುದು ಶಿಕ್ಷಾರ್ಹ. ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಗಳವರೆಗೆ ದಂಡ ಎಂದು ಅದರಲ್ಲಿದೆ. ವ್ಯಾಪಾರಕ್ಕಾಗಿ ಬಳಸದಿದ್ದಲ್ಲಿ ಸೆರೆವಾಸವನ್ನು ಕೈಬಿಡಲು ನ್ಯಾಯಾಲಯಕ್ಕೆ ಅವಕಾಶವಿದೆ, ಅಷ್ಟೆ. ಮನೆಮನೆಗೆ ಬಂದು ಯಾರೂ ಹುಡುಕುವುದಿಲ್ಲವೆಂಬುದು ನಮಗೆಲ್ಲ ಗೊತ್ತು. ಹುಡುಕುವವರಿಲ್ಲ ಎಂಬುದರ ಮೇಲೆ ನಿಂತ ಪ್ರಾಮಾಣಿಕತೆಯ ಬೆಲೆಯೂ ನಮಗೆ ಗೊತ್ತು.

ಕಾನೂನಿನ ಮಾತು ಬಂದಾಗ ಒಂದು ಘಟನೆ ನೆನಪಾಗುತ್ತದೆ. 2000ದ ಮೇ ತಿಂಗಳಲ್ಲಿ ಪ್ರೇಮಪತ್ರದ ವೇಷ ಧರಿಸಿ ಬಂದ 'ಐ ಲವ್ ಯೂ' ಎಂಬ ವೈರಸ್ ಕೆಲವೇ ದಿನಗಳಲ್ಲಿ ಜಗತ್ತಿನಾದ್ಯಂತ ಲಕ್ಷಾಂತರ ಕಂಪ್ಯೂಟರುಗಳನ್ನು ಕೆಡಿಸಿತು. ಅದರ ಜಾಡು ಹಿಡಿದು ಹೋದ ತನಿಖೆ ಫಿಲಿಪ್ಪೀನ್ಸಿನ ಮನಿಲಾದ ಒಬ್ಬ ವಿದ್ಯಾರ್ಥಿಯ ಬಳಿ ನಿಂತಿತು. ಆದರೆ ಆ ದೇಶದಲ್ಲಿ ಅಂದು ಇದನ್ನು ಅಪರಾಧವೆನ್ನುವ ಕಾನೂನೇ ಇರಲಿಲ್ಲವಾದ್ದರಿಂದ ಆರೋಪಗಳನ್ನು ಕೈಬಿಡಬೇಕಾಯಿತು. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದುದೂ ಅದೇ ವರ್ಷದ ಅಕ್ಟೋಬರಿನಲ್ಲಿ. ಕಾನೂನಿಲ್ಲದ ಆ ಮೇ ತಿಂಗಳಲ್ಲಿ ಮಾಡಿದ ಹಾನಿಯು ಹಾನಿಯೇ ಆಗಿರಲಿಲ್ಲವೆಂದು ಯಾರಾದರೂ ಹೇಳಿಯಾರೇ?

ಮತ್ತೊಂದು ಕಥೆ ಇದಕ್ಕಿಂತಲೂ ಹಳೆಯದು, ಬಹಳ ವಿಚಿತ್ರವಾದುದು. ಐಬಿಎಂ ಮಾದರಿಯ ಕಂಪ್ಯೂಟರುಗಳಿಗೆ ಹಬ್ಬಿದ ಪ್ರಥಮ ವೈರಸ್ ಎಂದು ಹೆಸರಾದ 'ಬ್ರೈನ್' ಹುಟ್ಟಿದ್ದು 1986ರಲ್ಲಿ ಲಾಹೋರಿನಲ್ಲಿ. ಅದನ್ನು ಬರೆದವರು ಬಾಸಿತ್ ಫಾರೂಕ್ ಅಲ್ವಿ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸಹೋದರರು. ತಾವು ವೈದ್ಯಕೀಯ ಬಳಕೆಗೆಂದು ತಯಾರಿಸಿದ್ದ ಪ್ರೋಗ್ರಾಂನ್ನು ಜನರು ಕದ್ದು ನಕಲು ಮಾಡುತ್ತಿದ್ದುದರಿಂದ ಅದನ್ನು ತಡೆಯಲಿಕ್ಕೆಂದೇ ಹೀಗೆ ಮಾಡಿದೆವು ಎಂಬುದು ಅವರ ಸಮಜಾಯಿಷಿ. ಅವರು ತಲೆಮರೆಸಿಕೊಂಡವರಲ್ಲ, ವೈರಸಿನೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಟೆಲಿಫೋನ್ ನಂಬರುಗಳನ್ನೂ ಬರೆದಿದ್ದರು. ಆದರೆ ಫ್ಲಾಪಿಯಿಂದ ಫ್ಲಾಪಿಗೆ ಹತ್ತಿಕೊಂಡು ಅದು ಸಮುದ್ರ ದಾಟಿತು. ಅವರ ಪ್ರೋಗ್ರಾಂನ ಹೆಸರನ್ನೇ ಕೇಳಿರದ ಅಮೆರಿಕದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳ ಫ್ಲಾಪಿಗಳಿಗೂ ತಗುಲಿತು. ಕಳ್ಳತನ ಮಾಡಿದವರ ತಪ್ಪು ಸಣ್ಣದೆಂದು ಯಾರೂ ಹೇಳಲಾರರು. ಆದರೆ ಕಳ್ಳನಿಗೆಂದು ದಾರಿಯಲ್ಲಿ ಚೆಲ್ಲಿದ ಮುಳ್ಳು ದಾರಿಹೋಕರ ಕಾಲಿಗೂ ಚುಚ್ಚಿತು. ನಾಲ್ಕು ದಶಕಗಳಿಂದ ಈ ವೈರಸ್ ಮತ್ತು ಆಂಟಿವೈರಸ್‌ಗಳ ಓಟ ನಡೆದಿದೆಯಲ್ಲ, ಅದರ ಮೊದಲ ಪುಟದಲ್ಲೇ ಹೀಗೆ ಪ್ರೋಗ್ರಾಂ ಕಳ್ಳತನವೂ, ಅದಕ್ಕೆ ತೀರಿಸಿಕೊಂಡ ಸೇಡೂ ಒಟ್ಟಾಗಿ ಕುಳಿತಿವೆ.

ಹಣವಿಲ್ಲದವರು ಏನು ಮಾಡಬೇಕು ಎಂಬ ಪ್ರಶ್ನೆಯೊಂದು ಹಿಂದೆ ಇತ್ತು. ಇಂದು ಆ ನೆಪವೂ ಉಳಿದಿಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಮೈಕ್ರೋಸಾಫ್ಟಿನವರ 'ಡಿಫೆಂಡರ್' ಎಂಬ ಆಂಟಿವೈರಸ್ ವಿಂಡೋಸಿನೊಳಗೇ ಸೇರಿ ಬರುತ್ತದೆ. ಮನೆಬಳಕೆಗೆ ಅದು ಸಾಕೆನ್ನುವ ಮಟ್ಟಕ್ಕೆ ಬೆಳೆದಿದೆ. ಅದಕ್ಕೆ ಬೇರೆ ಹಣ ಕೊಡಬೇಕಿಲ್ಲ, ಯಾವ ಬೀಗವನ್ನೂ ಒಡೆಯಬೇಕಿಲ್ಲ. (ವಿಂಡೋಸನ್ನೇ ಕದ್ದು ಹಾಕಿಸಿಕೊಂಡಿದ್ದರೆ ಮಾತು ಬೇರೆ. ಅಂಥವರು ಈ ಲೇಖನವನ್ನು ಮತ್ತೊಮ್ಮೆ ಮೊದಲಿನಿಂದ ಓದುವುದೊಳ್ಳೆಯದು.)

ಹಾಗಾದರೆ ಉಚಿತವಾದುದೆಲ್ಲ ಒಳ್ಳೆಯದೇ? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಸಂಬಳ ಕೇಳದೆ ಕಾವಲಿಗೆ ನಿಂತವನನ್ನು, "ನಿನ್ನ ಹೊಟ್ಟೆಪಾಡು ಹೇಗಪ್ಪಾ?" ಎಂದು ಕೇಳುವುದು ಅವಿಶ್ವಾಸವೇನೂ ಅಲ್ಲ. 'ಅವಾಸ್ಟ್' ಎಂಬ ಹೆಸರು ನಿಮ್ಮಲ್ಲಿ ಅನೇಕರಿಗೆ ಪರಿಚಿತ. ಜೆಕ್ ದೇಶದಲ್ಲಿ ಹುಟ್ಟಿದ ಆ ಕಂಪೆನಿಯ ಉಚಿತ ಆಂಟಿವೈರಸನ್ನು ಜಗತ್ತಿನಾದ್ಯಂತ ಕೋಟಿಗಟ್ಟಲೆ ಜನರು ಹಾಕಿಸಿಕೊಂಡಿದ್ದರು. ಜನರು ಯಾವ ಯಾವ ತಾಣಗಳಿಗೆ ಹೋಗುತ್ತಾರೆ, ಏನನ್ನು ಹುಡುಕುತ್ತಾರೆ ಎಂಬ ವಿವರವನ್ನು ಅದು ಸಂಗ್ರಹಿಸಿ, ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ನೂರಕ್ಕೂ ಹೆಚ್ಚು ಗಿರಾಕಿಗಳಿಗೆ ಮಾರುತ್ತಿತ್ತು. ಪತ್ರಕರ್ತರು ಇದನ್ನು ಬಯಲಿಗೆಳೆದ ಬಳಿಕ 2020ರ ಜನವರಿಯಲ್ಲಿ ಆ ಅಂಗಸಂಸ್ಥೆಯನ್ನು ಮುಚ್ಚಲಾಯಿತು. 2024ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಕಂಪೆನಿ 1 ಕೋಟಿ 65 ಲಕ್ಷ ಡಾಲರ್ ತೆರಬೇಕೆಂದೂ, ಜಾಹೀರಾತಿಗಾಗಿ ಇಂತಹ ಮಾಹಿತಿ ಮಾರಬಾರದೆಂದೂ ಆದೇಶ ಮುಂದಿಟ್ಟಿತು. ಮಾರಾಟವಾದ ವಿವರಗಳಿಂದ ಒಬ್ಬರ ಆರೋಗ್ಯದ ಚಿಂತೆ, ಹಣಕಾಸಿನ ಸ್ಥಿತಿ, ರಾಜಕೀಯ ಒಲವು ಮಾತ್ರವಲ್ಲ, ಧಾರ್ಮಿಕ ವಿಶ್ವಾಸವನ್ನೂ ಊಹಿಸಬಹುದಿತ್ತೆಂದು ಆಯೋಗವು ಹೇಳಿತು. ಇದರಲ್ಲಿ ಮತ್ತೂ ಕಹಿಯಾದ ಸಂಗತಿಯೆಂದರೆ, ಇತರರು ನಿಮ್ಮ ಹಿಂದೆ ಬಿದ್ದು ನೋಡುವುದನ್ನು ನಾವು ತಡೆಯುತ್ತೇವೆ ಎಂದು ಹೇಳಿಯೇ ಅದು ಮನೆಯೊಳಗೆ ಬಂದಿತ್ತು. ಬೇಲಿಯೇ ಎದ್ದು ಹೊಲ ಮೇಯುವುದೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ.

ಒಪ್ಪಿಗೆ ಪತ್ರದಲ್ಲಿ ಎಲ್ಲವನ್ನೂ ಬರೆದಿರುತ್ತೇವೆ, ನೀವೇ ಓದದೆ ಒಪ್ಪಿದಿರಿ ಎಂಬುದು ಇಂತಹ ಕಂಪೆನಿಗಳ ಸಾಮಾನ್ಯ ಉತ್ತರ. ಓದಲಾರದಷ್ಟು ಉದ್ದವಾಗಿ, ತಿಳಿಯಲಾರದ ಭಾಷೆಯಲ್ಲಿ ಬರೆದು ಪಡೆದ ಒಪ್ಪಿಗೆಯು ಒಪ್ಪಿಗೆಯಾಗುತ್ತದೆಯೇ? ಮಾಲಿನ ದೋಷವನ್ನು ಗಿರಾಕಿಗೆ ಕಾಣುವಂತೆ ಇಟ್ಟು ಮಾರಬೇಕೆಂಬ ವ್ಯಾಪಾರ ನೀತಿಯನ್ನು ಕಲಿತವರು ಇದನ್ನು ಒಪ್ಪಲಾರರು. ಆದರೂ ಓದದಿರುವುದು ನಮ್ಮ ಕಡೆಯ ಸೋಮಾರಿತನವೂ ಹೌದು. ಕನಿಷ್ಠ ಪಕ್ಷ ಸೆಟ್ಟಿಂಗ್ಸ್‌ನಲ್ಲಿ ಖಾಸಗಿ ಮಾಹಿತಿಗೆ ಸಂಬಂಧಿಸಿದ ಪುಟವನ್ನು ತೆರೆದು, ಮೂರನೆಯವರೊಂದಿಗೆ ಮಾಹಿತಿ ಹಂಚಿಕೊಳ್ಳುವ ಗುರುತುಗಳನ್ನು ತೆಗೆದುಹಾಕಲು ಐದು ನಿಮಿಷವೂ ಬೇಡ.

ಭಯವನ್ನು ಮಾರುವವರ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಅಮೆರಿಕದ ಆಫೀಸ್ ಡಿಪೋ ಎಂಬ ಮಳಿಗೆ ಸಮೂಹದಲ್ಲಿ ಉಚಿತವಾಗಿ ಕಂಪ್ಯೂಟರ್ ಆರೋಗ್ಯ ತಪಾಸಣೆ ಮಾಡಿಕೊಡುತ್ತಿದ್ದರು. ಗಿರಾಕಿಗೆ ಮೊದಲು ಕೆಲವು ಪ್ರಶ್ನೆ ಕೇಳಿ, ಕಂಪ್ಯೂಟರ್ ನಿಧಾನವಾಗಿದೆಯೇ, ಬೇಡದ ಜಾಹೀರಾತು ಬರುತ್ತದೆಯೇ ಎಂಬಿತ್ಯಾದಿಗಳಲ್ಲಿ ಒಂದಕ್ಕೆ ಹೌದೆಂದರೂ ಸಾಕು, ತಪಾಸಣೆಯ ಫಲಿತಾಂಶ ರೋಗವಿದೆ ಎಂದೇ ಬರುತ್ತಿತ್ತು. ಬಳಿಕ ರಿಪೇರಿಗೆ ನೂರಾರು ಡಾಲರ್. 2019ರಲ್ಲಿ ಆ ಸಂಸ್ಥೆಯೂ, ಪ್ರೋಗ್ರಾಂ ಒದಗಿಸಿದ ಸಪೋರ್ಟ್ ಡಾಟ್ ಕಾಮ್ ಎಂಬ ಕಂಪೆನಿಯೂ ಸೇರಿ ಮೂರೂವರೆ ಕೋಟಿ ಡಾಲರ್ ತೆರಬೇಕಾಯಿತು. ಇದು ದೂರದ ಮಾತೆಂದು ನಗುವ ಮುನ್ನ, ನಮ್ಮ ಪೇಟೆಯಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಸಹೋದರರು ತಮ್ಮ ಮೇಜನ್ನೊಮ್ಮೆ ನೋಡಿಕೊಳ್ಳಲಿ. ಅದೇನೆಂದು ಅರಿಯದ ಹೆಂಗಸೊಬ್ಬರು ಮಗನ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ. ಅದಕ್ಕೆ ಬೇಕಾಗಿರುವುದು ಧೂಳು ಒರೆಸುವುದು ಮತ್ತು ಬೇಡದ ನಾಲ್ಕು ಪ್ರೋಗ್ರಾಂ ತೆಗೆಯುವುದು ಮಾತ್ರ. "ವೈರಸ್ ತುಂಬಿದೆ ಅಮ್ಮಾ" ಎಂದು ಹೇಳುವುದು ಬಹಳ ಸುಲಭ, ಅದನ್ನು ಅವರು ಪರೀಕ್ಷಿಸಲಾರರು. ತಕ್ಕಡಿಯಲ್ಲಿ ಮೋಸ ಮಾಡುವವರ ಬಗ್ಗೆ ನಾವು ಓದುವ ಎಚ್ಚರಿಕೆಗಳೆಲ್ಲ ಅಕ್ಕಿ ಸಕ್ಕರೆಯ ವ್ಯಾಪಾರಿಗಳಿಗೆ ಮಾತ್ರ ಎಂದು ಭಾವಿಸಬೇಕಾಗಿಲ್ಲ. ಹಾಗೆಯೇ, ತೆರೆಯ ಮೇಲೆ ಕೆಂಪು ಅಕ್ಷರಗಳಲ್ಲಿ 'ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ' ಎಂದು ಬಂದರೆ ಕರೆ ಮಾಡಬೇಡಿ. ನಿಜವಾದ ಆಂಟಿವೈರಸ್ ಯಾವುದೂ ಹೀಗೆ ಬೊಬ್ಬೆ ಹೊಡೆದು ಫೋನು ಮಾಡಿಸುವುದಿಲ್ಲ.

ಆಯ್ಕೆಯ ಮಾತು ಬಂದಾಗ ಕಂಪೆನಿ ಯಾವ ದೇಶದ್ದು ಎಂಬ ಪ್ರಶ್ನೆಯೂ ಏಳುತ್ತದೆ. ರಷ್ಯದ ಕ್ಯಾಸ್ಪರ್‌ಸ್ಕಿಯ ಪ್ರಕರಣ ಇದಕ್ಕೆ ಉದಾಹರಣೆ. 2022ರ ಮಾರ್ಚಿನಲ್ಲಿ ಜರ್ಮನಿಯ ಮಾಹಿತಿ ಸುರಕ್ಷಾ ಇಲಾಖೆಯು ಅದರ ಬಗ್ಗೆ ಎಚ್ಚರಿಕೆ ನೀಡಿತು. 2024ರ ಜೂನಿನಲ್ಲಿ ಅಮೆರಿಕ ಸರಕಾರವು ತನ್ನ ದೇಶದಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಕಂಪೆನಿಯು ಆರೋಪಗಳನ್ನು ನಿರಾಕರಿಸಿದೆ. ಅದಕ್ಕೂ ಮೊದಲೇ, 2018ರಲ್ಲಿ, ಹೊರಗಿನವರು ತನ್ನ ಪ್ರೋಗ್ರಾಂನ ಮೂಲಬರಹವನ್ನು ಬಂದು ಪರೀಕ್ಷಿಸಲೆಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೇಂದ್ರವೊಂದನ್ನು ತೆರೆದಿತ್ತು. ಇಲ್ಲಿ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಹಿಡಿಯಬೇಕು. ಹೆಸರು ಊರು ನೋಡಿ ಅನುಮಾನಿಸಲ್ಪಡುವ ನೋವು ಎಂತಹುದೆಂದು ಈ ಪತ್ರಿಕೆಯ ವಾಚಕರಿಗೆ ಯಾರೂ ವಿವರಿಸಬೇಕಾಗಿಲ್ಲ. ಆದುದರಿಂದ, ಸಾಬೀತಾಗದ ಮಾತನ್ನು ಸಾಬೀತಾದುದೆಂಬಂತೆ ನಾಲ್ಕು ಜನರಿಗೆ ದಾಟಿಸುವುದು ನಮಗೆ ಭೂಷಣವಲ್ಲ. ಆದರೆ ಮನೆಯ ಕೀಲಿಕೈ ಕೊಡುವ ಸಂದರ್ಭದಲ್ಲಿ, ಈತನ ಮೇಲೆ ಯಾರ ಆಜ್ಞೆ ನಡೆಯುತ್ತದೆ, ನಾಳೆ ಅವನ ಸರಕಾರ ಕೇಳಿದರೆ ಇಲ್ಲವೆನ್ನುವ ಶಕ್ತಿ ಅವನಿಗಿದೆಯೇ ಎಂದು ಯೋಚಿಸುವುದು ಯಾರ ಮೇಲೂ ಆರೋಪ ಹೊರಿಸಿದಂತಲ್ಲ. ಈ ಪ್ರಶ್ನೆಯನ್ನು ರಷ್ಯಕ್ಕೆ ಮಾತ್ರ ಕೇಳಿ ಅಮೆರಿಕಕ್ಕೆ ಕೇಳದಿರುವುದು ಮಾತ್ರ ನ್ಯಾಯವಲ್ಲ. ಇನ್ನೊಂದು ಸಂಗತಿ: ಆ ನಿಷೇಧದ ಬಳಿಕ 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅನೇಕ ಗಿರಾಕಿಗಳು ಬೆಳಿಗ್ಗೆ ಎದ್ದು ನೋಡುವಾಗ ತಮ್ಮ ಕಂಪ್ಯೂಟರಿನಲ್ಲಿ ಕ್ಯಾಸ್ಪರ್‌ಸ್ಕಿ ಮಾಯವಾಗಿ ಅಲ್ಟ್ರಾ ಎವಿ ಎಂಬ ಹೆಸರೇ ಕೇಳದ ಇನ್ನೊಂದು ಆಂಟಿವೈರಸ್ ಬಂದು ಕುಳಿತಿತ್ತು. ಕಾವಲುಗಾರನು ಊರು ಬಿಡುವಾಗ ಕೀಲಿಕೈಯನ್ನು ಒಡೆಯನಿಗೆ ಹಿಂತಿರುಗಿಸದೆ ತನ್ನ ಗುರುತಿನವನಿಗೆ ಕೊಟ್ಟುಹೋದರೆ ಹೇಗೋ ಹಾಗೆ.

ಇನ್ನು ನಾನು ಹೇಳಲಿರುವುದು ಬಹುಶಃ ಎಲ್ಲರಿಗೂ ಹಿಡಿಸಲಾರದು. ಹಣ ಕೊಟ್ಟು ಕೊಳ್ಳುವ ಇಂದಿನ ಆಂಟಿವೈರಸ್‌ಗಳಲ್ಲಿ ಮಕ್ಕಳ ಮೇಲೆ ನಿಗಾ ಇಡುವ ಸೌಲಭ್ಯವೂ ಸೇರಿರುತ್ತದೆ. ಕೆಟ್ಟ ತಾಣಗಳನ್ನು ಮುಚ್ಚಬಹುದು, ರಾತ್ರಿ ಹತ್ತರ ಬಳಿಕ ಕಂಪ್ಯೂಟರ್ ತೆರೆಯದಂತೆ ಮಾಡಬಹುದು, ಮಗ ಏನನ್ನು ಹುಡುಕಿದ ಎಂಬುದರ ಪಟ್ಟಿಯನ್ನೂ ತಂದೆ ತರಿಸಿಕೊಳ್ಳಬಹುದು. ಹತ್ತು ವರ್ಷದ ಮಗುವಿನ ಮುಂದೆ ಇಂಟರ್‌ನೆಟ್ಟಿನ ಬಾಗಿಲನ್ನು ಪೂರ್ತಿ ತೆರೆದಿಟ್ಟು ಸುಮ್ಮನಿರುವ ತಂದೆ ತಾಯಿ ತಮ್ಮ ಹೊಣೆಯನ್ನು ನಿರ್ವಹಿಸುತ್ತಿಲ್ಲ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಬಾಗಿಲು ಮುಚ್ಚುವುದೂ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ನಿಲ್ಲುವುದೂ ಒಂದೇ ಅಲ್ಲ. ಇತರರ ಗುಟ್ಟುಗಳನ್ನು ಕೆದಕಿ ನೋಡುವುದನ್ನು, ತಜಸ್ಸುಸ್ ಎನ್ನುತ್ತಾರಲ್ಲ ಅದನ್ನು, ನಮಗೆ ಸ್ಪಷ್ಟವಾಗಿ ನಿಷೇಧಿಸಲಾಗಿದೆ. ಮನೆಯೊಳಗಿನವರ ವಿಷಯದಲ್ಲಿ ಈ ನಿಷೇಧ ಅನ್ವಯಿಸದೆಂದು ಯಾರು ಹೇಳಿದರು? ಹದಿನೇಳು ವರ್ಷದ ಮಗಳ ಕಂಪ್ಯೂಟರಿನಲ್ಲಿ ಆಕೆಗೆ ತಿಳಿಯದಂತೆ ಗೂಢಚಾರ ಪ್ರೋಗ್ರಾಂ ಹಾಕಿ ರಾತ್ರಿ ಕುಳಿತು ಆಕೆಯ ಗೆಳತಿಯರ ಪತ್ರಗಳನ್ನು ಓದುವ ತಂದೆಯೂ, ಹೆಂಡತಿಯ ಸಂದೇಶಗಳನ್ನು ನಕಲು ತೆಗೆದಿಡುವ ಗಂಡನೂ 'ರಕ್ಷಣೆ'ಯ ಹೆಸರನ್ನೇ ಹೇಳುತ್ತಾರೆ. ಅವಾಸ್ಟ್ ಕಂಪೆನಿ ಹೇಳಿದ್ದೂ ಅದೇ ಹೆಸರು. ಆ ಗೆಳತಿಯರ ಮನೆಯ ಗುಟ್ಟುಗಳೂ ಆ ಪತ್ರಗಳಲ್ಲಿರುತ್ತವೆ. ಅವುಗಳನ್ನು ಓದಲು ಅವರು ಯಾರಿಗೆ ಅನುಮತಿ ಕೊಟ್ಟಿದ್ದರು?

ನಿಗಾ ಅಗತ್ಯವೆನಿಸಿದರೆ ಹೇಳಿ ಮಾಡಿ. "ಮಗಾ, ಈ ಕಂಪ್ಯೂಟರಿನಲ್ಲಿ ಇಂತಿಂತಹ ತಾಣಗಳನ್ನು ಮುಚ್ಚಿದ್ದೇನೆ, ಕಾರಣ ಇದು" ಎಂದು ಎದುರು ಕೂರಿಸಿ ಹೇಳಿದರೆ ಅವನು ಸಿಟ್ಟಾಗಬಹುದು, ವಾದಿಸಬಹುದು, ನಿಮ್ಮ ಮಾತಿನಲ್ಲಿ ಸತ್ಯವಿದ್ದರೆ ನಾಲ್ಕು ದಿನ ಬಿಟ್ಟು ಒಪ್ಪಬಹುದು. ಕದ್ದು ನೋಡುತ್ತಿದ್ದಿರೆಂದು ಒಂದು ದಿನ ತಿಳಿದರೆ, ಆ ಮನೆಯಲ್ಲಿ ಮುಂದೆ ಯಾವ ಪಾಸ್‌ವರ್ಡೂ ತಂದೆಯ ಕೈಗೆ ಬರಲಾರದು. ಕಂಪ್ಯೂಟರನ್ನು ನಡುಕೋಣೆಯಲ್ಲಿ ಎಲ್ಲರೂ ಓಡಾಡುವ ಕಡೆ ಇಡುವ ಹಳೆಯ ಉಪಾಯ ಇಂದಿಗೂ ಯಾವ ಪ್ರೋಗ್ರಾಂಗಿಂತ ಕಡಿಮೆಯಲ್ಲ. ಮೊಬೈಲ್ ಬಂದ ಮೇಲೆ ಆ ಉಪಾಯ ಅರ್ಧ ಕೈಕೊಟ್ಟಿದೆ ಎನ್ನುವುದನ್ನೂ ಒಪ್ಪಬೇಕು.

ಕೊನೆಗೂ ಯಾವುದನ್ನು ಹಾಕಿಸಬೇಕು ಎಂದು ಕೇಳುತ್ತೀರಿ. ಸಂಪೂರ್ಣ ರಕ್ಷಣೆ ನೀಡುವ ಆಂಟಿವೈರಸ್ ಯಾವುದೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಕಂಪ್ಯೂಟರ್ ವೈರಸ್‌ಗಳ ಬಗ್ಗೆ 1984ರಲ್ಲೇ ಪ್ರಬಂಧ ಬರೆದ ಫ್ರೆಡ್ ಕೊಹೆನ್ ಎಂಬ ಅಮೆರಿಕನ್ ಸಂಶೋಧಕರು, ಎಲ್ಲ ವೈರಸ್‌ಗಳನ್ನೂ ತಪ್ಪದೆ ಗುರುತಿಸುವ ಪ್ರೋಗ್ರಾಂ ಅಸಾಧ್ಯವೆಂದು ತರ್ಕದಿಂದಲೇ ತೋರಿಸಿಕೊಟ್ಟರು. ಹಾಗೆಂದು ಕೈಕಟ್ಟಿ ಕೂರಬೇಕೇ? ಒಂಟೆಯನ್ನು ಕಟ್ಟದೆ ಭರವಸೆ ಇಡುವುದು ತವಕ್ಕುಲ್ ಅಲ್ಲವೆಂಬ ಪಾಠ ಚಿಕ್ಕ ಮಕ್ಕಳಿಗೂ ಗೊತ್ತು. 2017ರ ಮೇ 12ರಂದು ಹಬ್ಬಿದ 'ವಾನ್ನಾಕ್ರೈ' ಕಂಪ್ಯೂಟರಿನ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. 150ಕ್ಕೂ ಹೆಚ್ಚು ದೇಶಗಳು ಅದಕ್ಕೆ ತುತ್ತಾದವು, ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ಮುಂದೂಡಲ್ಪಟ್ಟವು. ಅದು ನುಸುಳಿದ ಕಿಂಡಿಯನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲಿ, ಹೊರತಂದಿತ್ತು. ಹಾಕಿಸಿಕೊಳ್ಳದವರು ಸಿಕ್ಕಿಬಿದ್ದರು. ಆಂಟಿವೈರಸಿನ ಹೆಸರಿಗಿಂತ ಈ 'ಅಪ್‌ಡೇಟ್' ಎಂಬ ಬೇಸರದ ಕೆಲಸವೇ ಮುಖ್ಯವೆನ್ನಲು ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಆದುದರಿಂದ ಸಾಮಾನ್ಯ ಮನೆಗೆ ವಿಂಡೋಸಿನೊಂದಿಗೆ ಬರುವ ಡಿಫೆಂಡರನ್ನು ಆರಿಸದೆ ಇಟ್ಟು, ಅಪ್‌ಡೇಟ್‌ಗಳನ್ನು ತಡೆಯದೆ, ಮಕ್ಕಳಿಗೆ ಪ್ರತ್ಯೇಕವಾದ ಸೀಮಿತ ಖಾತೆ ಮಾಡಿಕೊಟ್ಟರೆ ಹೆಚ್ಚಿನ ಕೆಲಸ ಮುಗಿಯಿತು. ಕೊಂಡೇ ತರುವೆವೆನ್ನುವವರು ಆಸ್ಟ್ರಿಯದ ಎವಿ ಕಂಪ್ಯಾರಟಿವ್ಸ್, ಜರ್ಮನಿಯ ಎವಿ ಟೆಸ್ಟ್ ಎಂಬ ಪರೀಕ್ಷಾ ಸಂಸ್ಥೆಗಳ ಫಲಿತಾಂಶ ನೋಡಿ ನಿರ್ಧರಿಸಲಿ. ಪುಣೆಯ ಕ್ವಿಕ್ ಹೀಲ್, ಚೆನ್ನೈಯ ಕೆ7 ಮುಂತಾದ ನಮ್ಮ ದೇಶದ ಕಂಪೆನಿಗಳೂ ಇವೆ. ಎರಡು ಆಂಟಿವೈರಸ್‌ಗಳನ್ನು ಒಟ್ಟಿಗೆ ಹಾಕಿಸಬೇಡಿ, ಅವು ಪರಸ್ಪರರನ್ನೇ ಕಳ್ಳರೆಂದು ಭಾವಿಸಿ ಜಗಳಾಡುತ್ತವೆ. ಮೊದಲ ವರ್ಷದ ಅಗ್ಗದ ಬೆಲೆಗೆ ಮರುಳಾಗಿ ಕಾರ್ಡಿನ ವಿವರ ಕೊಟ್ಟರೆ ಎರಡನೆಯ ವರ್ಷ ತಾನಾಗಿ ಹೆಚ್ಚು ಹಣ ಕಡಿತವಾಗುವುದುಂಟು. ಸ್ವಯಂ ನವೀಕರಣವನ್ನು ಆ ದಿನವೇ ನಿಲ್ಲಿಸಿ. ಯಂತ್ರಕ್ಕೆ ಸೋಂಕು ತಗುಲಿದೆಯೆಂಬ ಸಂದೇಹವಿದ್ದರೆ ಕೇಂದ್ರ ಸರಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಶುಚಿಗೊಳಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಮುಖ್ಯ ಕಡತಗಳ ಒಂದು ಪ್ರತಿ, ಬಳಸಿದ ಬಳಿಕ ಕಳಚಿ ಕಪಾಟಿನಲ್ಲಿಡುವಂತಹ ಹಾರ್ಡ್‌ಡಿಸ್ಕಿನಲ್ಲಿರಲಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ಹಳೆಯ ಯಂತ್ರವನ್ನು ಬದಲಾಯಿಸಲು ಶಕ್ತಿಯಿಲ್ಲದವರು ತಿಳಿದವರನ್ನು ಕೇಳಿ ಅದರಲ್ಲಿ ಲಿನಕ್ಸ್ ಹಾಕಿಸಿಕೊಳ್ಳಬಹುದು, ಅದಕ್ಕೆ ಹಣವೂ ಬೇಡ, ಕಳ್ಳತನವೂ ಬೇಡ.

ಜಮಾಅತ್ ಕಮಿಟಿಗಳ ಕಾರ್ಯದರ್ಶಿಗಳಿಗೆ ಮಾತ್ರ ಬೇರೆಯಾಗಿ ಹೇಳಬೇಕಾದುದಿದೆ. ಝಕಾತ್ ಪಡೆದವರ ಪಟ್ಟಿಯನ್ನು ಮಕ್ಕಳು ಆಟವಾಡುವ ಮನೆಯ ಕಂಪ್ಯೂಟರಿನಲ್ಲಿ ಇಡಬೇಡಿ. ಇಡಲೇಬೇಕಾದರೆ ಪಾಸ್‌ವರ್ಡ್ ಹಾಕಿ ಇಡಿ, ಹೆಸರಿನ ಬದಲು ನಂಬರ್ ಬರೆದು, ನಂಬರ್ ಯಾರದೆಂಬುದನ್ನು ಹಳೆಯ ಕಾಲದಂತೆ ಒಂದು ಪುಸ್ತಕದಲ್ಲಿ ಬರೆದು ಬೀಗ ಹಾಕಿ. ಅಧಿಕಾರ ಬದಲಾದಾಗ ಪಾಸ್‌ವರ್ಡ್ ಬದಲಾಯಿಸಿ. ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವ ಮುನ್ನ ಹಾರ್ಡ್‌ಡಿಸ್ಕನ್ನು ತೆಗೆದಿಟ್ಟುಕೊಳ್ಳಿ. ಇಷ್ಟೆಲ್ಲ ಮಾಡಿಯೂ ಏನಾದರೂ ಸೋರಿಹೋಯಿತೆಂದು ತಿಳಿದರೆ, ಹಣ ಹೋಗಿದ್ದಲ್ಲಿ ಕೂಡಲೇ 1930 ನಂಬರಿಗೆ ದೂರು ಕೊಡಿ. ಪಟ್ಟಿಯಲ್ಲಿದ್ದ ಕುಟುಂಬಗಳಿಗೆ ವಿಷಯ ಇತರರ ಬಾಯಿಂದ ತಿಳಿಯುವ ಮೊದಲು ನೀವೇ ತಿಳಿಸಬೇಕು. ಫೋನಿನಲ್ಲಿ ಬೇಡ, ಒಬ್ಬೊಬ್ಬರ ಮನೆಗೂ ನಡೆದು ಹೋಗಿ.